ಇಟಾಲಿಯನ್ ಭಾಷೆಯ 'ಮಾನೊ': 'ಕೈ' ಎಂದು ಕಲಿತರೆ ಸಾಕೇ?

ತುಂಗಾತೀರ

ಇಟಾಲಿಯನ್ ಕಲಿಯುತ್ತಿರುವ ಮತ್ತು ಇಟಲಿಯಲ್ಲಿ ಓದುತ್ತಲೋ ದುಡಿಯುತ್ತಲೋ ಇರುವ ಕನ್ನಡಿಗರೆಲ್ಲರಲ್ಲಿ ಒಂದು ಪ್ರಶ್ನೆ. ನಾನು ಬಿ1 ಹಂತದ ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆ. ನನ್ನ ಪಠ್ಯಪುಸ್ತಕದ ದೇಹದ ಅಂಗಗಳ ಪಾಠದಲ್ಲಿ 'ಲಾ ಮಾನೊ ಎಂದರೆ ಕೈ, ಬಹುವಚನ ಲೆ ಮಾನಿ' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆದರೆ ದಿನನಿತ್ಯದ ಮಾತಿಗೆ ಕಿವಿಗೊಟ್ಟರೆ ಇದೇ ಪದ ನೂರು ಕಡೆ ಕೇಳಿಸುತ್ತದೆ. ಗೋಡೆಗೆ 'ದೂಎ ಮಾನಿ' ಬಣ್ಣ ಬೇಕು ಎನ್ನುತ್ತಾರೆ. ಹೆದ್ದಾರಿಯಲ್ಲಿ ಯಾರೋ 'ಕೊಂತ್ರೊಮಾನೊ' ಕಾರು ಓಡಿಸಿದರೆಂದು ಸುದ್ದಿ ಬರುತ್ತದೆ. ಮನೆ ಹುಡುಕುವಾಗ ಆ ಬಡಾವಣೆ 'ಫುವೊರಿ ಮಾನೊ' ಎಂದು ಎಚ್ಚರಿಸುತ್ತಾರೆ, ಮನೆಯ ಒಡತಿ ಮಾತ್ರ ತುಂಬ 'ಅಲ್ಲಾ ಮಾನೊ' ಎಂದು ಹೊಗಳುತ್ತಾರೆ. ಇವುಗಳಲ್ಲಿ 'ಕೈ' ಎಂಬ ಅರ್ಥ ಎಲ್ಲಿ ಅಡಗಿದೆ? ಒಂದೊಂದನ್ನೂ ಬೇರೆ ಪದವೆಂದೇ ಬಾಯಿಪಾಠ ಮಾಡಬೇಕೇ, ಅಥವಾ ಹಿಡಿದು ಸಾಗಲು ಏನಾದರೂ ಎಳೆ ಇದೆಯೇ? 'ಒ'ಕಾರದಲ್ಲಿ ಮುಗಿಯುವ ಪದ ಸ್ತ್ರೀಲಿಂಗವಾದದ್ದು ಹೇಗೆ ಎಂಬುದನ್ನೂ ತಿಳಿದವರು ವಿವರಿಸಬೇಕಾಗಿ ಕೋರಿಕೆ.

ವ್ಯಾಕರಣಪ್ರಿಯ

ಲಿಂಗದ ಪ್ರಶ್ನೆಗೆ ಉತ್ತರ ಲ್ಯಾಟಿನ್‌ನಲ್ಲಿದೆ. ಲ್ಯಾಟಿನ್ ನಾಮಪದಗಳನ್ನು ವಿಭಕ್ತಿ ಪ್ರತ್ಯಯಗಳ ಆಧಾರದ ಮೇಲೆ ಐದು ಗಣಗಳಾಗಿ ವಿಂಗಡಿಸುತ್ತಾರೆ. ಇಟಾಲಿಯನ್‌ನಲ್ಲಿ 'ಒ'ಕಾರಾಂತವಾಗಿರುವ ಪುಲ್ಲಿಂಗ ಪದಗಳಲ್ಲಿ ಬಹುಪಾಲು ಎರಡನೆಯ ಗಣದಿಂದ ಬಂದವು. ಆದರೆ 'ಮಾನೊ'ದ ಮೂಲವಾದ ಲ್ಯಾಟಿನ್ ಪದ 'ಮನುಸ್' ನಾಲ್ಕನೆಯ ಗಣದ್ದು ಮತ್ತು ಅದು ಅಲ್ಲಿಯೇ ಸ್ತ್ರೀಲಿಂಗವಾಗಿತ್ತು. ಕಾಲಕ್ರಮದಲ್ಲಿ ಕೊನೆಯ ಧ್ವನಿಗಳು ಸವೆದು ರೂಪವು ಎರಡನೆಯ ಗಣದ ಪದಗಳಂತೆಯೇ ಆಯಿತಾದರೂ ಲಿಂಗ ಮಾತ್ರ ಬದಲಾಗಲಿಲ್ಲ. ಸ್ಪ್ಯಾನಿಷ್‌ನಲ್ಲಿಯೂ ಇದು 'ಲಾ ಮಾನೊ' ಎಂದೇ ಉಳಿದಿದೆ. ಸಾರ್ಡಿನಿಯಾ ದ್ವೀಪದವರು 'ಸಾ ಮನು' ಎನ್ನುತ್ತಾರೆ, ಅಲ್ಲಿ ಹಳೆಯ ಉಕಾರವೂ ಉಳಿದುಕೊಂಡಿದೆ. ಹಳೆಯ ಫ್ಲಾರೆನ್ಸ್ ಬರಹಗಳಲ್ಲಿ ಬಹುವಚನಕ್ಕೂ 'ಲೆ ಮಾನೊ' ಎಂಬ ರೂಪ ಸಿಗುತ್ತದೆ. ಇಂದು ಪರೀಕ್ಷೆಯಲ್ಲಿ ಹಾಗೆ ಬರೆದರೆ ಅದು ತಪ್ಪು, ಬಹುವಚನ 'ಲೆ ಮಾನಿ' ಎಂದೇ ಆಗಬೇಕು.

ಹಾಸನದ ಹುಡುಗ

ಇದೊಂದೇ ಅಪವಾದ ಎಂಬಂತೆ ಹೇಳುವುದು ಸರಿಯಲ್ಲ. 'ಲಾ ರಾದಿಯೊ', 'ಲಾ ಫೋತೊ', 'ಲಾ ಮೋತೊ' ಎಲ್ಲವೂ 'ಒ'ಕಾರಾಂತ ಸ್ತ್ರೀಲಿಂಗಗಳೇ ಅಲ್ಲವೇ? ನಾಲ್ಕನ್ನೂ ಒಂದೇ ಗುಂಪಿನಲ್ಲಿ ಕಲಿತರೆ ಸುಲಭ.

ವ್ಯಾಕರಣಪ್ರಿಯ

ದಯವಿಟ್ಟು ಒಂದೇ ಗುಂಪಿಗೆ ಸೇರಿಸಬೇಡಿ. 'ಫೋತೊ' ಎಂಬುದು 'ಫೊತೊಗ್ರಫೀಯಾ'ದ ಮೊಟಕು ರೂಪ, 'ಮೋತೊ' ಎಂಬುದು 'ಮೊತೊಚಿಕ್ಲೆತ್ತಾ'ದ್ದು, 'ಔತೊ' ಎಂಬುದು 'ಔತೊಮೋಬಿಲೆ'ಯದು. ಪೂರ್ಣರೂಪದ ಲಿಂಗವೇ ಮೊಟಕಾದ ರೂಪಕ್ಕೂ ಬಂದಿದೆ. ಮುಖ್ಯವಾದ ವ್ಯತ್ಯಾಸ ಬಹುವಚನದಲ್ಲಿ ಕಾಣುತ್ತದೆ. 'ಲೆ ಫೋತೊ', 'ಲೆ ಮೋತೊ', 'ಲೆ ರಾದಿಯೊ' ಎಂದು ಅವು ಬದಲಾಗದೆ ನಿಲ್ಲುತ್ತವೆ, 'ಮಾನೊ' ಮಾತ್ರ 'ಮಾನಿ' ಆಗುತ್ತದೆ. ನಿಮ್ಮ ಗುಂಪನ್ನು ನಂಬಿದವರು 'ಲೆ ಮಾನೊ' ಎಂದೋ 'ಲೆ ಫೋತಿ' ಎಂದೋ ಬರೆಯುವುದು ಖಂಡಿತ.

ಸಹ್ಯಾದ್ರಿ

ಉಚ್ಚಾರಣೆಯ ಬಗ್ಗೆ ಒಂದು ಮಾತು. ಒತ್ತು ಬೀಳುವ ಸ್ವರ ಇಲ್ಲಿ ದೀರ್ಘವಾದ್ದರಿಂದ 'ಮನೊ' ಎಂದು ಹ್ರಸ್ವವಾಗಿ ಹೇಳದೆ 'ಮಾನೊ' ಎಂದು ಎಳೆದು ಹೇಳಬೇಕು. ಕನ್ನಡ ಲಿಪಿಯಲ್ಲಿ ದೀರ್ಘವನ್ನೂ ಒತ್ತಕ್ಷರವನ್ನೂ ತೋರಿಸಲು ಬರುವುದರಿಂದ ಪದಪಟ್ಟಿಯನ್ನು ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೊಲೊನ್ಯಾವಾಸಿ

ಅರ್ಥದ ಪ್ರಶ್ನೆಗೆ ಬರೋಣ. ಕನ್ನಡಿಗರಿಗೆ ಈ ಪದ ಕಷ್ಟವಾಗಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ 'ಕೈ'ಯೂ ಇಷ್ಟೇ ಕೆಲಸ ಮಾಡುತ್ತದೆ. ಪರಿಸ್ಥಿತಿ ಕೈಮೀರಿ ಹೋಯಿತು ಎನ್ನುವಲ್ಲಿ ಅವರು 'ಸ್ಫುಜ್ಜೀರೆ ದಿ ಮಾನೊ' ಎನ್ನುತ್ತಾರೆ, ಅಂದರೆ ಕೈಯಿಂದ ಜಾರಿತು. ಬರಿಗೈಯಲ್ಲಿ ಮರಳುವುದಕ್ಕೆ 'ಆ ಮಾನಿ ವುವೋತೆ', ಕೈಗೆಟಕುವಂತಿರುವುದಕ್ಕೆ 'ಆ ಪೊರ್ತಾತಾ ದಿ ಮಾನೊ', ಕೈಕೈ ಮಿಲಾಯಿಸುವುದಕ್ಕೆ 'ವೆನೀರೆ ಅಲ್ಲೆ ಮಾನಿ'. ನನ್ನ ಕೈ ಕಟ್ಟಿಹಾಕಿದಂತಾಗಿದೆ ಎನ್ನಲು 'ಓ ಲೆ ಮಾನಿ ಲೆಗಾತೆ' ಎಂದರೆ ಮುಗಿಯಿತು. ನಾವು ತಲೆಯ ಮೇಲೆ ಕೈ ಹೊತ್ತು ಕೂರುತ್ತೇವೆ, ಅವರು ಕೈಗಳನ್ನು ಕೂದಲೊಳಗೆ ಇಟ್ಟುಕೊಳ್ಳುತ್ತಾರೆ. ಹಸ್ತಪ್ರತಿಗೆ ಅವರ ಪದ 'ಮನೊಸ್ಕ್ರಿತ್ತೊ', ಕೈಯಿಂದ ಬರೆದದ್ದು. ಒಂದೊಂದಕ್ಕೂ ಕನ್ನಡದ ಜೋಡಿಯನ್ನು ಬರೆದುಕೊಂಡು ಹೋದರೆ ಅರ್ಧಕ್ಕಿಂತ ಹೆಚ್ಚು ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ.

ಪದಸಂಚಾರ

ಬೊಲೊನ್ಯಾವಾಸಿಯವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಉದಾಹರಣೆ ಸಾಕು. 'ದಾರೆ ಉನಾ ಮಾನೊ' ಎಂಬುದನ್ನು ಪದಶಃ ಕನ್ನಡಕ್ಕೆ ತಂದರೆ 'ಕೈಕೊಡು' ಎಂದಾಗುತ್ತದೆ. ನಮ್ಮಲ್ಲಿ ಕೈಕೊಟ್ಟವನು ನಡುನೀರಿನಲ್ಲಿ ಬಿಟ್ಟು ಹೋದವನು, ಅವರಲ್ಲಿ ಕೈಕೊಟ್ಟವನು ನೆರವಿಗೆ ಬಂದವನು. 'ಮಿ ದಾಯ್ ಉನಾ ಮಾನೊ ಆ ಪೊರ್ತಾರೆ ಸು ಲಾ ಸ್ಪೇಸಾ?' ಎಂದು ನೆರೆಮನೆಯ ಅಜ್ಜಿ ಕೇಳಿದರೆ ದಿನಸಿಯ ಚೀಲವನ್ನು ಮೇಲಕ್ಕೆ ಒಯ್ಯಲು ಸಹಾಯ ಮಾಡುತ್ತೀಯಾ ಎಂದರ್ಥ. ಇಲ್ಲಿಗೆ ಹೊಂದುವ ನಮ್ಮ ಮಾತು 'ಕೈಜೋಡಿಸು'.

ಇನ್ನೂ ಸೂಕ್ಷ್ಮವಾದ ಸಂಗತಿ ಎಂದರೆ 'ಉನಾ' ಹೋಗಿ 'ಲಾ' ಬಂದರೆ ಅರ್ಥವೇ ಬದಲಾಗುತ್ತದೆ. 'ದಾಮ್ಮಿ ಉನಾ ಮಾನೊ' ಎಂದರೆ ಸಹಾಯ ಮಾಡು, 'ದಾಮ್ಮಿ ಲಾ ಮಾನೊ' ಎಂದರೆ ಕೈ ಹಿಡಿದುಕೊ ಅಥವಾ ಹಸ್ತಲಾಘವಕ್ಕೆ ಕೈ ನೀಡು. ರಸ್ತೆ ದಾಟುವ ಮುನ್ನ ತಾಯಿ ಮಗುವಿಗೆ ಹೇಳುವುದು ಎರಡನೆಯದನ್ನು. 'ಉನಾ', 'ಲಾ'ಗಳಂಥ ಉಪಪದವಿಲ್ಲದ, ಇದೋ ಅದೋ ಎಂಬ ಭೇದವಿಲ್ಲದ ನಮ್ಮ 'ಕೈ' ಎಂಬ ಒಂದು ಪದವನ್ನು ಪಕ್ಕದಲ್ಲಿ ಬರೆದುಕೊಂಡರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆದ್ದರಿಂದ 'ಮಾನೊ' ಪದವನ್ನು ಒಂಟಿಯಾಗಿ ಕಲಿಯಬಾರದು. ಅದರ ಹಿಂದಿನ ಪುಟ್ಟ ಪದವನ್ನು ಮತ್ತು ಜೊತೆಗಿರುವ ಕ್ರಿಯಾಪದವನ್ನು ಸೇರಿಸಿಯೇ ಕಲಿಯಬೇಕು. ತುಂಗಾತೀರ ಅವರು ಕೇಳಿದ ಎಳೆ ಇರುವುದು ಅಲ್ಲಿಯೇ.

ಬೊಲೊನ್ಯಾವಾಸಿ

'ಕೈಕೊಡು' ಒಂದು ಅಪವಾದ. ಅಪವಾದವೊಂದು ಸಿಕ್ಕಿತೆಂದು ದಾರಿಯನ್ನೇ ಮುಚ್ಚುವುದು ಯಾವ ನ್ಯಾಯ?

ಕರಾವಳಿಯವಳು

ಅದೊಂದೇ ಅಪವಾದವಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕನ್ನು ಇನ್ನೂ ಯಾರೂ ಹೇಳಿಲ್ಲ. ಕನ್ನಡದಲ್ಲಿ 'ಕೈ' ಎಂದರೆ ಭುಜದಿಂದ ಬೆರಳ ತುದಿಯವರೆಗೆ ಯಾವುದೂ ಆಗಬಹುದು. 'ಮಾನೊ' ಮಣಿಕಟ್ಟಿನಿಂದ ಆಚೆಗೆ ಮಾತ್ರ. ಮಣಿಕಟ್ಟು 'ಪೋಲ್ಸೊ', ಮೊಣಕೈ 'ಗೋಮಿತೊ', ಉಳಿದ ತೋಳು 'ಬ್ರಾಚ್ಚೊ'. ನಾನು ಆರೈಕೆಯ ವೃತ್ತಿಯಲ್ಲಿರುವುದರಿಂದ ಈ ಗೊಂದಲವನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಡೆಯವರೊಬ್ಬರು ಬಿದ್ದು ಮುಂಗೈ ಮೂಳೆಗೆ ಪೆಟ್ಟು ಮಾಡಿಕೊಂಡಿದ್ದರು. 'ಕೈ ನೋಯುತ್ತಿದೆ' ಎಂಬುದನ್ನು ಅವರು ಫೋನಿನಲ್ಲಿ 'ಮಿ ಫಾ ಮಾಲೆ ಲಾ ಮಾನೊ' ಎಂದು ಹೇಳಿದಾಗ ಆ ಕಡೆಯವರು ಬೆರಳುಗಳು ಆಡುತ್ತವೆಯೇ, ಅಂಗೈ ಊದಿದೆಯೇ ಎಂದೇ ಕೇಳುತ್ತ ಹೋದರು. ಇವರು ಬೆರಳು ಚೆನ್ನಾಗಿದೆ, ಅಂಗೈ ಚೆನ್ನಾಗಿದೆ ಎಂದು ಉತ್ತರಿಸುತ್ತ ಹೋದರು. ಪಕ್ಕದಲ್ಲಿದ್ದ ನಾನು 'ಇಲ್ ಬ್ರಾಚ್ಚೊ' ಎಂದ ಮೇಲೆಯೇ ಮಾತು ಸರಿಯಾದ ಜಾಗಕ್ಕೆ ಬಂದದ್ದು. ಪರೀಕ್ಷೆಯಲ್ಲಿ ಅಂಕ ಹೋದರೆ ಹೋಗಲಿ, ಚಿಕಿತ್ಸೆಯ ಹೊತ್ತಿನಲ್ಲಿ ಈ ವ್ಯತ್ಯಾಸ ತಿಳಿದಿರಲೇಬೇಕು.

ತೋಳು ಮತ್ತು ಬೆರಳಿನ ಬಹುವಚನವನ್ನೂ ಜೊತೆಯಲ್ಲಿಯೇ ಕಲಿತುಬಿಡಿ. 'ಇಲ್ ಬ್ರಾಚ್ಚೊ' ಪುಲ್ಲಿಂಗ, ಬಹುವಚನದಲ್ಲಿ 'ಲೆ ಬ್ರಾಚ್ಚಾ' ಎಂದು ಸ್ತ್ರೀಲಿಂಗವಾಗುತ್ತದೆ. 'ಇಲ್ ದೀತೊ' ಹೋಗಿ 'ಲೆ ದೀತಾ' ಆಗುತ್ತದೆ. 'ಮಾನೊ' ಮಾತ್ರ ಎರಡು ವಚನಗಳಲ್ಲೂ ಸ್ತ್ರೀಲಿಂಗವೇ.

ಸಹ್ಯಾದ್ರಿ

ಇದು ಬಹಳ ಉಪಯುಕ್ತ. ಹಾಗಾದರೆ 'ಕೈಕಟ್ಟಿ ಕುಳಿತ' ಎಂಬುದಕ್ಕೆ ಯಾವ ಪದ?

ಪದಸಂಚಾರ

ಯಾವ ಅರ್ಥದಲ್ಲಿ ಎಂಬುದನ್ನು ಅವಲಂಬಿಸಿದೆ. ಕೆಲಸ ಮಾಡದೆ ಸುಮ್ಮನೆ ಕುಳಿತ ಎನ್ನುವುದಾದರೆ 'ಕೊನ್ ಲೆ ಮಾನಿ ಇನ್ ಮಾನೊ', ಅಂದರೆ ಕೈಯೊಳಗೆ ಕೈಯಿಟ್ಟುಕೊಂಡು. ಎದೆಯ ಮೇಲೆ ತೋಳುಗಳನ್ನು ಅಡ್ಡಲಾಗಿ ಕಟ್ಟಿದ ಭಂಗಿಗೆ 'ಆ ಬ್ರಾಚ್ಚಾ ಕೊನ್ಸೆರ್ತೆ', ಅಲ್ಲಿ ಬರುವುದು ತೋಳು. ನಮ್ಮಲ್ಲಿ ಹಿರಿಯರ ಮುಂದೆ ಕೈಕಟ್ಟಿ ನಿಲ್ಲುವುದು ವಿನಯದ ಸೂಚನೆ. ಅವರ ಆ ಮಾತಿನಲ್ಲಿ ವಿನಯದ ಛಾಯೆ ಇಲ್ಲ, ಬದಲಿಗೆ ಸುಮ್ಮನೆ ನೋಡುತ್ತ ನಿಂತ ಎಂಬ ಆಕ್ಷೇಪಣೆಯೇ ಅನೇಕ ಸಲ ಇರುತ್ತದೆ. ಕನ್ನಡದ ಜೋಡಿ ಪದ ಸಾಕು ಎನ್ನುವವರಿಗೆ ಇದು ಮತ್ತೊಂದು ಉತ್ತರ.

ಬೊಲೊನ್ಯಾವಾಸಿ

ಹಾಗಾದರೆ ಕನ್ನಡ ನೇರವಾಗಿ ನೆರವಿಗೆ ಬರುವ ಜಾಗವೊಂದನ್ನು ನಾನು ತೋರಿಸುತ್ತೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು 'ನಾನು ನನ್ನ ಕೈಗಳನ್ನು ತೊಳೆಯುತ್ತೇನೆ' ಎಂಬ ಅಚ್ಚಿನಲ್ಲಿ 'ಲಾವೊ ಲೆ ಮೀಎ ಮಾನಿ' ಎಂದು ಬರೆಯುತ್ತಾರೆ. ಇಟಾಲಿಯನ್ನರು ಹಾಗೆ ಹೇಳುವುದಿಲ್ಲ, 'ಮಿ ಲಾವೊ ಲೆ ಮಾನಿ' ಎನ್ನುತ್ತಾರೆ. ಯಾರ ಕೈ ಎಂಬುದನ್ನು 'ನನ್ನ' ಎಂಬ ಪದ ಹೇಳುವುದಿಲ್ಲ, ಕ್ರಿಯೆಯು ಮಾಡಿದವನಿಗೇ ಮರಳುತ್ತದೆ ಎಂಬುದನ್ನು ತಿಳಿಸುವ 'ಮಿ' ಹೇಳುತ್ತದೆ. ಕನ್ನಡದಲ್ಲಿ ನಾವು ಏನು ಹೇಳುತ್ತೇವೆ? 'ಕೈ ತೊಳೆದುಕೊಳ್ಳುತ್ತೇನೆ.' ಇಲ್ಲಿಯೂ 'ನನ್ನ' ಇಲ್ಲ, 'ಕೊಳ್ಳು' ಆ ಕೆಲಸ ಮಾಡುತ್ತದೆ. 'ಕೈ ಸುಟ್ಟುಕೊಂಡ', 'ಕೈ ಒರೆಸಿಕೊಂಡ' ಎನ್ನುವಾಗಲೂ ಹೀಗೆಯೇ. ಇಂಗ್ಲಿಷ್ ದಾರಿಯನ್ನು ಬಿಟ್ಟು ಕನ್ನಡದಿಂದ ನೇರವಾಗಿ ಹೊರಟವರಿಗೆ ಈ ಪಾಠ ಮೊದಲೇ ಬಂದಿರುತ್ತದೆ.

ಇನ್ನೊಂದನ್ನೂ ಗಮನಿಸಿ. ತರಗತಿಯಲ್ಲಿ ಮಕ್ಕಳಿಗೆಲ್ಲ ಕೈ ಎತ್ತಲು ಹೇಳುವಾಗ ಅವರು 'ಅಲ್ತ್ಸಾತೆ ಲಾ ಮಾನೊ' ಎಂದು ಏಕವಚನವನ್ನೇ ಬಳಸುತ್ತಾರೆ, ಏಕೆಂದರೆ ಒಬ್ಬೊಬ್ಬರು ಎತ್ತುವುದು ಒಂದೊಂದೇ ಕೈ. ನಾವೂ 'ಎಲ್ಲರೂ ಕೈ ಎತ್ತಿ' ಎನ್ನುತ್ತೇವೆಯೇ ಹೊರತು 'ಕೈಗಳನ್ನು ಎತ್ತಿ' ಎನ್ನುವುದಿಲ್ಲ.

ಪದಸಂಚಾರ

ಈ ಎರಡು ಅಂಶಗಳನ್ನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಇವು ನುಡಿಗಟ್ಟಿನ ಹೋಲಿಕೆಯಲ್ಲ, ವಾಕ್ಯರಚನೆಯ ಹೋಲಿಕೆ. ಇದಕ್ಕೆ ಒಂದು ಮುಂದುವರಿಕೆ ಇದೆ. 'ಮಿ ಲಾವೊ ಲೆ ಮಾನಿ' ಎಂದರೆ ನಲ್ಲಿಯ ಕೆಳಗೆ ಕೈ ತೊಳೆಯುವುದು. 'ಮೆ ನೆ ಲಾವೊ ಲೆ ಮಾನಿ' ಎಂದರೆ ಈ ವಿಷಯದಲ್ಲಿ ನನ್ನದೇನೂ ಜವಾಬ್ದಾರಿ ಇಲ್ಲ ಎಂದು ಹಿಂದೆ ಸರಿಯುವುದು. 'ನೆ' ಎಂಬ ಒಂದಕ್ಷರದ ಪದ 'ಅದರಿಂದ' ಎಂಬ ಅರ್ಥವನ್ನು ತರುತ್ತದೆ, ಮತ್ತು ಅದರ ಮುಂದೆ 'ಮಿ' ಎಂಬುದು 'ಮೆ' ಆಗುತ್ತದೆ. ಯೇಸುವಿನ ವಿಚಾರಣೆಯಲ್ಲಿ ಪಿಲಾತನು ಜನರೆದುರು ಕೈ ತೊಳೆದುಕೊಂಡ ಬೈಬಲ್ ಪ್ರಸಂಗ ಈ ಮಾತಿನ ಹಿಂದಿದೆ. ಕನ್ನಡದಲ್ಲಿ ಎರಡಕ್ಕೂ 'ಕೈ ತೊಳೆದುಕೊಂಡ' ಎಂದೇ ಹೇಳಿ ಸಂದರ್ಭಕ್ಕೆ ಬಿಡುತ್ತೇವೆ, ಇಟಾಲಿಯನ್ ಹಾಗೆ ಬಿಡುವುದಿಲ್ಲ.

ಇತಿಹಾಸದ ಓದುಗ

ಕೈ ತೊಳೆಯುವ ಮಾತು ಬಂದಿರುವುದರಿಂದ 'ಉನಾ ಮಾನೊ ಲಾವಾ ಲಾಲ್ತ್ರಾ' ಎಂಬ ಗಾದೆಯನ್ನು ಸೇರಿಸುತ್ತೇನೆ. ಒಂದು ಕೈ ಇನ್ನೊಂದನ್ನು ತೊಳೆಯುತ್ತದೆ ಎಂದರ್ಥ. ಇದು ಎರಡು ಸಾವಿರ ವರ್ಷಗಳಷ್ಟು ಹಳೆಯದು, ರೋಮನ್ ಲೇಖಕ ಸೆನೆಕಾನ ಬರಹದಲ್ಲಿಯೇ ಲ್ಯಾಟಿನ್ ರೂಪ ಸಿಗುತ್ತದೆ. ಪರಸ್ಪರ ಸಹಾಯ ಎಂಬ ಒಳ್ಳೆಯ ಅರ್ಥವೂ ಇದೆ, ಒಬ್ಬರ ಹುಳುಕನ್ನು ಇನ್ನೊಬ್ಬರು ಮುಚ್ಚುವುದು ಎಂಬ ಕೆಟ್ಟ ಅರ್ಥವೂ ಇದೆ.

'ಮಾನಿ ಪುಲೀತೆ', ಅಂದರೆ ಶುದ್ಧ ಕೈಗಳು, ಎಂಬ ಹೆಸರನ್ನೂ ತಿಳಿದಿರಬೇಕು. ಮಿಲಾನೊ ನಗರದ ವೃದ್ಧಾಶ್ರಮ ಸಂಸ್ಥೆಯೊಂದರ ಮುಖ್ಯಸ್ಥನಾಗಿದ್ದ ರಾಜಕಾರಣಿ ಮಾರಿಯೊ ಕಿಯೇಸಾ 1992ರ ಫೆಬ್ರುವರಿ 17ರಂದು ಲಂಚ ಪಡೆಯುವಾಗ ಬಂಧಿತನಾದದ್ದರಿಂದ ಆರಂಭವಾದ ಭ್ರಷ್ಟಾಚಾರದ ತನಿಖೆಗೆ ಈ ಹೆಸರು ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಇಟಲಿಯ ಹಳೆಯ ದೊಡ್ಡ ಪಕ್ಷಗಳು ಕುಸಿದುಹೋದವು. ಇಟಲಿಯ ಪತ್ರಿಕೆಗಳಲ್ಲಿ ಇಂದಿಗೂ ಈ ಎರಡು ಪದಗಳು ಯಾವ ವಿವರಣೆಯೂ ಇಲ್ಲದೆ ಬರುತ್ತವೆ, ಓದುಗರಿಗೆ ಗೊತ್ತಿದೆ ಎಂದೇ ಭಾವಿಸಿರುತ್ತಾರೆ.

ಹಾಸನದ ಹುಡುಗ

ನಮ್ಮ 'ಶುದ್ಧಹಸ್ತ' ಎಂಬ ಪದವೂ ಅದೇ ಅರ್ಥದ್ದು. ಆದರೆ ಚರ್ಚೆ ರಾಜಕಾರಣದ ಕಡೆಗೆ ಹೋಗದಿರಲಿ. ಬಣ್ಣದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಬೊಲೊನ್ಯಾವಾಸಿ

ಬಣ್ಣ ಅಥವಾ ಸುಣ್ಣವನ್ನು ಒಂದು ಸಲ ಪೂರ್ತಿಯಾಗಿ ಬಳಿದರೆ ಅದು 'ಉನಾ ಮಾನೊ', ಒಣಗಿದ ಮೇಲೆ ಮತ್ತೊಮ್ಮೆ ಬಳಿದರೆ 'ಲಾ ಸೆಕೊಂದಾ ಮಾನೊ'. ಗೋಡೆಯ ಮೇಲೆ ಕೈ ಒಂದು ಸುತ್ತು ಆಡಿತು ಎಂಬ ಭಾವ. ಹಾಗಾಗಿ 'ದಾರೆ ಉನಾ ಮಾನೊ ದಿ ಬಿಯಾಂಕೊ' ಎಂದರೆ ಬಿಳಿ ಬಣ್ಣದ ಒಂದು ಲೇಪ ಕೊಡುವುದು. 'ದಿ ಬಿಯಾಂಕೊ' ಎಂಬ ಬಾಲ ಇರುವುದರಿಂದ ಸಹಾಯದ ಅರ್ಥಕ್ಕೆ ಎಡೆಯಿಲ್ಲ. ಇನ್ನು 'ದಿ ಸೆಕೊಂದಾ ಮಾನೊ' ಎಂದು 'ದಿ' ಸೇರಿದರೆ ಬಣ್ಣದ ಮಾತು ಹೋಗಿ ಬೇರೆಯವರು ಬಳಸಿ ಬಿಟ್ಟ ಸಾಮಾನು ಎಂದಾಗುತ್ತದೆ. ಹಳೆಯ ಸೈಕಲ್ ಕೊಳ್ಳಲು ಹೊರಟ ವಿದ್ಯಾರ್ಥಿಗಳಿಗೆ ಮೊದಲು ಬೇಕಾಗುವ ನುಡಿ ಇದೇ.

ಹಳೆಯ ಬಯಲು

ಇಸ್ಪೀಟಿನಲ್ಲಿಯೂ ಹಾಗೆಯೇ. ಸ್ಕೋಪಾ, ಬ್ರಿಸ್ಕೊಲಾ ಆಟಗಳಲ್ಲಿ ಒಂದು ಸುತ್ತಿಗೆ 'ಉನಾ ಮಾನೊ' ಎನ್ನುತ್ತಾರೆ. ಎರಡಕ್ಕೂ ಬೇಕಾಗುವುದು ನಲವತ್ತು ಎಲೆಗಳ ಕಟ್ಟು, ಒಬ್ಬೊಬ್ಬರ ಕೈಗೆ ಮೂರು ಎಲೆ. 'ಕೀ ಎ ದಿ ಮಾನೊ?' ಎಂದು ಯಾರಾದರೂ ಕೇಳಿದರೆ ಮೊದಲ ಎಲೆ ಇಳಿಸಬೇಕಾದವರು ಯಾರು ಎಂದರ್ಥ. ಬಾರಿನ ಮೇಜಿನ ಸುತ್ತ ಕುಳಿತ ಹಿರಿಯರ ಬಾಯಲ್ಲಿ ಈ ಮಾತನ್ನು ಕೇಳಿಯೇ ಕಲಿಯಬೇಕು, ಕಲಿಕೆಯ ಪುಸ್ತಕಗಳಲ್ಲಿ ಇದು ಸಿಗುವುದು ಅಪರೂಪ.

ಬಿಳಿ ಕಪ್ಪು ಮಣೆ

ನಾನು ಬೆಂಗಳೂರಿನಲ್ಲಿ ಪಿಯಾನೊ ಕಲಿಯುತ್ತಿದ್ದೇನೆ. ಇಟಾಲಿಯನ್ ಭಾಷೆ ಬಾರದಿದ್ದರೂ ನಮಗೆ ಈ ಪದ ಪರಿಚಿತ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಕಾಣುವ 'ಎಂ.ಡಿ.' ಮತ್ತು 'ಎಂ.ಎಸ್.' ಎಂಬ ಗುರುತುಗಳು 'ಮಾನೊ ದೆಸ್ತ್ರಾ' ಮತ್ತು 'ಮಾನೊ ಸಿನಿಸ್ತ್ರಾ', ಅಂದರೆ ಬಲಗೈ ಮತ್ತು ಎಡಗೈ. 'ದೆಸ್ತ್ರಾ', 'ಸಿನಿಸ್ತ್ರಾ' ಎಂದು ವಿಶೇಷಣಗಳು 'ಆ'ಕಾರದಲ್ಲಿ ಮುಗಿಯುವುದರಿಂದ 'ಮಾನೊ' ಸ್ತ್ರೀಲಿಂಗ ಎಂಬುದು ಅಲ್ಲಿಯೇ ತಿಳಿಯುತ್ತದೆ.

ವ್ಯಾಕರಣಪ್ರಿಯ

ಉತ್ತಮ ಉದಾಹರಣೆ. ದಾರಿ ತೋರಿಸುವಾಗಲೂ 'ಆ ಮಾನೊ ದೆಸ್ತ್ರಾ' ಎಂಬ ಮಾತು ಇದೆ. ಬಲಗೈ ಬದಿಗೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಹಾಗೆಯೇ. ತುಂಗಾತೀರ ಅವರು ಕೇಳಿದ 'ಕೊಂತ್ರೊಮಾನೊ'ಕ್ಕೆ ಬೀಗದ ಕೈ ಇಲ್ಲಿಯೇ ಇದೆ. ಇಲ್ಲಿ 'ಮಾನೊ' ಎಂದರೆ ರಸ್ತೆಯಲ್ಲಿ ನಮಗೆ ಸೇರಿದ ಬದಿ, ಅದಕ್ಕೆ ವಿರುದ್ಧವಾಗಿ ಹೋದರೆ 'ಕೊಂತ್ರೊಮಾನೊ'. ಇಟಲಿಯಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುವುದರಿಂದ ಊರಿನಲ್ಲಿ ಗಾಡಿ ಓಡಿಸಿ ಅಭ್ಯಾಸವಿರುವವರು ಈ ಪದವನ್ನು ಮೊದಲೇ ಕಲಿತಿರುವುದು ಒಳ್ಳೆಯದು. 'ಫುವೊರಿ ಮಾನೊ' ಎಂದರೆ ಹೋಗಿಬರಲು ಅನುಕೂಲವಿಲ್ಲದ, ದಾರಿಯಿಂದ ಒಳಗೆ ಸರಿದ ಜಾಗ. 'ಅಲ್ಲಾ ಮಾನೊ' ಎಂದರೆ ದೊಡ್ಡಸ್ತಿಕೆ ತೋರದೆ ಎಲ್ಲರೊಡನೆ ಸರಳವಾಗಿ ಬೆರೆಯುವ ವ್ಯಕ್ತಿ. ಆದರೆ 'ದಾತಿ ಅಲ್ಲಾ ಮಾನೊ' ಎಂದರೆ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಎಂದಾಗುತ್ತದೆ. ಮನುಷ್ಯನಾಗಲಿ ಮಾಹಿತಿಯಾಗಲಿ ಕೈಗೆ ಸಿಗುವಂತಿರುವುದು ಎಂಬುದು ಎರಡರಲ್ಲಿಯೂ ಸಮಾನ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಪದಸಂಚಾರ ಅವರು ಹೇಳಿದ ಎಳೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕು. 'ಆ ಮಾನೊ' ಎಂದು ಯಾವಾಗ, 'ಕೊನ್ ಲೆ ಮಾನಿ' ಎಂದು ಯಾವಾಗ? ಊಟದ ಮಾತು ಬಂದಾಗಲೆಲ್ಲ ಈ ಸಂದೇಹ ಕಾಡುತ್ತದೆ.

ಪದಸಂಚಾರ

'ಉನಾ', 'ಲಾ'ಗಳಂಥ ಉಪಪದವಿಲ್ಲದೆ, ಏಕವಚನದಲ್ಲಿ, 'ಆ'ದಂಥ ಉಪಸರ್ಗವೊಂದಕ್ಕೆ ಅಂಟಿಕೊಂಡು 'ಮಾನೊ' ಬಂದರೆ ಅದು ಬಹುತೇಕ ರೀತಿಯನ್ನೋ ಬಗೆಯನ್ನೋ ಹೇಳುತ್ತದೆ. 'ಫಾತ್ತೊ ಆ ಮಾನೊ' ಎಂದರೆ ಯಂತ್ರವಲ್ಲದೆ ಕೈಯಿಂದ ಮಾಡಿದ್ದು. 'ಫ್ರೇನೊ ಆ ಮಾನೊ' ಕಾರಿನ ಕೈಬ್ರೇಕು, 'ಬಗಾಲ್ಯೊ ಆ ಮಾನೊ' ವಿಮಾನದೊಳಗೆ ಜೊತೆಯಲ್ಲಿ ಒಯ್ಯುವ ಚೀಲ, 'ಬೊಂಬಾ ಆ ಮಾನೊ' ಕೈಬಾಂಬು. 'ಕೊನ್ ಲೆ ಮಾನಿ' ಎಂದಾಗ ಕಣ್ಣಿಗೆ ಕಾಣುವ ನಿಜವಾದ ಎರಡು ಕೈಗಳ ಮಾತು. ಆದ್ದರಿಂದ ಚಮಚವಿಲ್ಲದೆ ಕೈಯಲ್ಲಿ ಊಟ ಮಾಡುವುದಕ್ಕೆ 'ಮಾಂಜಾರೆ ಕೊನ್ ಲೆ ಮಾನಿ' ಎನ್ನಬೇಕು. ನಾವು ಊಟಕ್ಕೆ ಬಳಸುವುದು ಒಂದೇ ಕೈಯಾದರೂ ಅವರ ನುಡಿಯಲ್ಲಿ ಬಹುವಚನವೇ ರೂಢಿ. ಮುದ್ದೆಯನ್ನೋ ಅನ್ನ ಸಾರನ್ನೋ ತಿನ್ನುವ ಬಗೆಯನ್ನು ಸ್ನೇಹಿತರಿಗೆ ವಿವರಿಸುವಾಗ 'ಕೊನ್ ಲಾ ಮಾನೊ ದೆಸ್ತ್ರಾ' ಎಂದು ಸೇರಿಸಿದರೆ ಬಲಗೈಯಿಂದ ಮಾತ್ರ ಎಂಬುದು ಸ್ಪಷ್ಟವಾಗುತ್ತದೆ.

'ಪೆರ್ ಮಾನೊ' ಬೇರೆ. 'ತೆನೇರ್ಸಿ ಪೆರ್ ಮಾನೊ' ಎಂದರೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡಿರುವುದು. 'ಇನ್ ಮಾನೊ' ಎಂದರೆ ಕೈಯಲ್ಲಿ ಇರುವುದು. 'ಮಾನ್ ಮಾನೊ' ಎಂದರೆ ಕ್ರಮೇಣ, ಒಂದೊಂದಾಗಿ, ಇಲ್ಲಿ ಕೈಯ ನೆನಪೇ ಯಾರಿಗೂ ಬರುವುದಿಲ್ಲ.

ಕರಾವಳಿಯವಳು

ನನಗೆ ಅತ್ಯಂತ ಇಷ್ಟವಾದ ಬಳಕೆಯನ್ನು ಹೇಳುತ್ತೇನೆ. ಹೊಸ ಕೆಲಸಕ್ಕೆ ಸೇರಿದ ಆರಂಭದಲ್ಲಿ ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಲು ನಾನು ತಡವರಿಸುತ್ತಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು 'ಚಿ ಪ್ರೆಂದೆರಾಯ್ ಲಾ ಮಾನೊ' ಎಂದು ಧೈರ್ಯ ಹೇಳಿದರು. ನಿನ್ನ ಕೈ ಪಳಗುತ್ತದೆ ಎಂದರ್ಥ. ನಮ್ಮ 'ಪಳಗಿದ ಕೈ' ಎಂಬ ಮಾತಿಗೆ ಇಷ್ಟು ಹತ್ತಿರದ ಇಟಾಲಿಯನ್ ನುಡಿಯನ್ನು ನಾನು ಬೇರೆ ಕೇಳಿಲ್ಲ. ಅಭ್ಯಾಸ ಬಿಟ್ಟು ಕೈ ಒಗ್ಗದಂತಾದರೆ 'ಪೆರ್ದೆರೆ ಲಾ ಮಾನೊ' ಎನ್ನುತ್ತಾರೆ.

ಪದಸಂಚಾರ

ಇಲ್ಲೊಂದು ಎಚ್ಚರಿಕೆ ಬೇಕು. 'ಪ್ರೆಂದೆರ್ಚಿ ಲಾ ಮಾನೊ' ಎಂದರೆ ಕೈ ಪಳಗುವುದು, ಆದರೆ 'ಫಾರ್ಸಿ ಪ್ರೆಂದೆರೆ ಲಾ ಮಾನೊ' ಎಂದರೆ ಹಿಡಿತ ತಪ್ಪಿ ಆವೇಶದಲ್ಲಿ ಅತಿಗೆ ಹೋಗುವುದು. ಅದೇ ಕ್ರಿಯಾಪದ, ಅದೇ ನಾಮಪದ, ಅದೇ 'ಲಾ', ಆದರೂ ಒಂದು ಹೊಗಳಿಕೆ, ಇನ್ನೊಂದು ಆಕ್ಷೇಪಣೆ.

ಇತಿಹಾಸದ ಓದುಗ

'ಮೆತ್ತೆರೆ ಲಾ ಮಾನೊ ಸುಲ್ ಫುವೊಕೊ', ಅಂದರೆ ಬೆಂಕಿಯ ಮೇಲೆ ಕೈ ಇಡುವುದು, ಎಂಬುದನ್ನೂ ಬಿಡಬಾರದು. ಯಾವುದಾದರೂ ವಿಷಯದಲ್ಲಿ ಪೂರ್ಣ ನಂಬಿಕೆ ಇದ್ದಾಗ ಹೀಗೆ ಹೇಳುತ್ತಾರೆ. ಶತ್ರು ರಾಜನನ್ನು ಕೊಲ್ಲಲು ಹೋಗಿ ಸೆರೆಸಿಕ್ಕಾಗ ತನ್ನ ಬಲಗೈಯನ್ನು ತಾನೇ ಬೆಂಕಿಗೆ ಒಡ್ಡಿದ ಮೂಕಿಯಸ್ ಸ್ಕೇವೊಲಾ ಎಂಬ ರೋಮನ್ ಯೋಧನ ದಂತಕಥೆಯನ್ನು ಹಲವರು ಇದರೊಡನೆ ಜೋಡಿಸುತ್ತಾರೆ, ಮಧ್ಯಯುಗದ ಅಗ್ನಿಪರೀಕ್ಷೆಗಳನ್ನು ಇನ್ನು ಕೆಲವರು ನೆನೆಯುತ್ತಾರೆ. ನಿತ್ಯದ ಮಾತಿನಲ್ಲಿ ನಕಾರಾತ್ಮಕ ರೂಪವೂ ಬಹಳ ಉಪಯೋಗಕ್ಕೆ ಬರುತ್ತದೆ. 'ನೊನ್ ಚಿ ಮೆತ್ತೆರೇಯ್ ಲಾ ಮಾನೊ ಸುಲ್ ಫುವೊಕೊ' ಎಂದರೆ ನಾನು ಅಷ್ಟು ಖಚಿತವಾಗಿ ಹೇಳಲಾರೆ ಎಂದರ್ಥ.

ಹಾಸನದ ಹುಡುಗ

ಟವೆಲಿಗೆ 'ಅಶ್ಶುಗಮಾನೊ' ಎನ್ನುತ್ತಾರಲ್ಲವೇ? ಇಷ್ಟೆಲ್ಲ ಓದಿದ ಮೇಲೆ ಅದು ಸ್ತ್ರೀಲಿಂಗವೆಂದೇ ತೋರುತ್ತದೆ.

ವ್ಯಾಕರಣಪ್ರಿಯ

ಇಲ್ಲ, ಅದು ಪುಲ್ಲಿಂಗ. 'ಅಶ್ಶುಗಾರೆ' ಎಂದರೆ ಒಣಗಿಸು, ಒರೆಸು. ಕ್ರಿಯಾಪದವೊಂದು ನಾಮಪದದೊಡನೆ ಸೇರಿ ಸಾಧನದ ಹೆಸರಾದಾಗ ಇಡೀ ಪದ ಸಾಮಾನ್ಯವಾಗಿ ಪುಲ್ಲಿಂಗವಾಗುತ್ತದೆ, ಒಳಗಿರುವ ನಾಮಪದದ ಲಿಂಗ ಲೆಕ್ಕಕ್ಕೆ ಬರುವುದಿಲ್ಲ. ಮೆಟ್ಟಿಲ ಪಕ್ಕದ ಹಿಡಿಗಂಬಿಯಾದ 'ಕೊರ್ರಿಮಾನೊ' ಕೂಡ ಪುಲ್ಲಿಂಗವೇ. 'ಇಲ್ ಕೊರ್ರಿಮಾನೊ' ಎನ್ನಬೇಕು. ಬಹುವಚನದಲ್ಲಿ 'ಲ್ಯಿ ಅಶ್ಶುಗಮಾನಿ' ಎಂಬುದೇ ಸರಿ, ಅಂಗಡಿಗಳಲ್ಲಿಯೂ ಅದನ್ನೇ ಕಾಣುತ್ತೀರಿ.

ತುಂಗಾತೀರ

ಹಾಗಿದ್ದರೆ ಹ್ಯಾಂಡ್‌ಬಾಲ್ ಆಟದ 'ಪಲ್ಲಮಾನೊ' ಕೂಡ ಪುಲ್ಲಿಂಗವೇ?

ವ್ಯಾಕರಣಪ್ರಿಯ

ಅಲ್ಲ. ಅಲ್ಲಿ ಮೊದಲ ಭಾಗ ಕ್ರಿಯಾಪದವಲ್ಲ, ಚೆಂಡು ಎಂಬರ್ಥದ 'ಪಲ್ಲಾ' ಎಂಬ ಸ್ತ್ರೀಲಿಂಗ ನಾಮಪದ. ಅದೇ ಪ್ರಧಾನವಾದ್ದರಿಂದ 'ಲಾ ಪಲ್ಲಮಾನೊ' ಆಗುತ್ತದೆ. ಫುಟ್‌ಬಾಲಿನಲ್ಲಿ ಚೆಂಡಿಗೆ ಕೈ ತಗುಲಿಸಿದ ತಪ್ಪಿಗೆ ಮಾತ್ರ 'ಫಾಲ್ಲೊ ದಿ ಮಾನೊ' ಎನ್ನುತ್ತಾರೆ. ಅದರಲ್ಲಿ ತಪ್ಪು ಎಂಬರ್ಥದ 'ಫಾಲ್ಲೊ' ಮುಖ್ಯ ಪದ, ಆದ್ದರಿಂದ ಅದು ಪುಲ್ಲಿಂಗ.